ಬಣಗಾರ ಓಣಿಯ ಬಾಗಿಲು

ನಾನು ಕೆಲಸ ಮಾಡಿದ ಊರಿನಲ್ಲಿ ಟೆಲಿಫೋನು ಇಂಟರ್ನೆಟ್ಟಿಗೆ ಸೇರಿದೊಡನೆ ಮನೆಯ ಮುಂಬಾಗಿಲು ತೆರೆದುಕೊಳ್ಳುತ್ತಿತ್ತು. ಅಗಳಿ ಹಾಕಿದ್ದರೆ ಅಗಳಿ ಸರಿಯುತ್ತಿತ್ತು, ಬೀಗ ಹಾಕಿದ್ದರೆ ಬೀಗ ಕಳಚಿ ಕೊಂಡಿಗೆ ಜೋತುಬೀಳುತ್ತಿತ್ತು. ಲೈನು ಇರುವಷ್ಟು ಹೊತ್ತು ಆ ಬಾಗಿಲನ್ನು ಇಬ್ಬರು ಪೈಲ್ವಾನರು ಸೇರಿ ದೂಡಿದರೂ ಮುಚ್ಚಲಾಗುತ್ತಿರಲಿಲ್ಲ. ಲೈನು ಕಡಿದರೆ ಬಾಗಿಲು ಮೊದಲು ಹೇಗಿತ್ತೋ ಹಾಗೆ, ಬೀಗದ ಸಮೇತ, ತನ್ನಷ್ಟಕ್ಕೆ ಹೋಗಿ ಕೂತುಕೊಳ್ಳುತ್ತಿತ್ತು. ನಾನು ಹೊರಗಿನಿಂದ ಹೋದವನು. ಮೊದಮೊದಲು ಅವರಿವರನ್ನು ಕಾರಣ ಕೇಳಿದೆ. "ಹಂಗಾರ ನಿಮ್ಮೂರಾಗ ಮುಚ್ಚತಾವೇನ್ರಿ?" ಎಂದು ಅವರೇ ಬೆರಗಿನಿಂದ ತಿರುಗಿ ಕೇಳಿದ ಮೇಲೆ ಬಿಟ್ಟುಬಿಟ್ಟೆ.

ಊರಿನವರು ಇದಕ್ಕೆ ಹೊಂದಿಕೊಂಡಿದ್ದ ರೀತಿ ನೋಡುವಂತಿತ್ತು. ಕಂಪ್ಯೂಟರಿನ ಮುಂದೆ ಒಬ್ಬರು ಕೂತರೆ ಹೊಸ್ತಿಲ ಮೇಲೆ ಇನ್ನೊಬ್ಬರು ಕೂರಬೇಕು. ಹೀಗಾಗಿ ಎಷ್ಟೋ ಕಾಲದಿಂದ ಒಳಕೋಣೆಯಲ್ಲಿ ಬಿದ್ದುಕೊಂಡಿದ್ದ ಅಜ್ಜ ಅಜ್ಜಿಯರಿಗೆಲ್ಲ ಬೀದಿ ನೋಡುವ ಉದ್ಯೋಗ ಸಿಕ್ಕಿತ್ತು. ಆಡು, ನಾಯಿ ನುಗ್ಗದಂತೆ ಬಾಗಿಲಿಗೆ ಮೊಣಕಾಲೆತ್ತರದ ಹಲಗೆ ಅಡ್ಡ ಇಡುತ್ತಿದ್ದರು. ಬೀದಿಯಲ್ಲಿ ಹೋಗುವವರು ತೆರೆದ ಬಾಗಿಲು ಎದುರಾದರೆ ಒಮ್ಮೆ ಕೆಮ್ಮಿ, ಮುಖವನ್ನು ಆಚೆ ಸಾಲಿನ ಮನೆಗಳ ಕಡೆ ತಿರುಗಿಸುತ್ತಿದ್ದರು. ಆಚೆ ಸಾಲಿನಲ್ಲೂ ತೆರೆದಿದ್ದರೆ ತಮ್ಮ ಚಪ್ಪಲಿಯನ್ನು ನೋಡಿಕೊಳ್ಳುತ್ತಿದ್ದರು. ಎಲ್ಲಕ್ಕಿಂತ ಗಟ್ಟಿಯಾದ ಕಟ್ಟಳೆ ಇನ್ನೊಂದಿತ್ತು. ಲೈನಿನ ಬಾಗಿಲಲ್ಲಿ ಕಂಡದ್ದನ್ನು ಯಾರೂ ಆಡಬಾರದು. ಗಂಡಹೆಂಡಿರ ಜಗಳವಾಗಲಿ, ದೊಡ್ಡ ಮನುಷ್ಯರ ಹರಿದ ಬನಿಯನ್ನಾಗಲಿ, ಕಂಡರೂ ಕಂಡಿಲ್ಲ. ದೇವರ ಮೇಲೆ ಆಣೆ ಮಾಡಿ ಸುಳ್ಳು ಹೇಳುವ ಜನ ಕೂಡ ಈ ಒಂದು ಮಾತಿಗೆ ತಪ್ಪುತ್ತಿರಲಿಲ್ಲ. ಸಹಕಾರಿ ಬ್ಯಾಂಕು ಮತ್ತು ಸಬ್ ಜೈಲು ಮಾತ್ರ ನಮ್ಮ ಇಂಟರ್ನೆಟ್ ಕಚೇರಿಯ ಗ್ರಾಹಕರಾಗಿರಲಿಲ್ಲ. ಯಾಕೆಂದು ನಮ್ಮ ಮಾಲೀಕರೂ ಕೇಳಲಿಲ್ಲ.

ಮಾಲೀಕರೆಂದರೆ ಇನಾಮದಾರರು. ಊರಿಗೆ ಇಂಟರ್ನೆಟ್ ತಂದವರು. ಅವರ ಹತ್ತಿರ ಮೂವತ್ತು ಲೈನುಗಳಿದ್ದವು, ಗ್ರಾಹಕರು ಮುನ್ನೂರಕ್ಕೆ ಮೇಲಿದ್ದರು. ಒಂದು ಲೈನಿನಲ್ಲಿ ಒಬ್ಬರು ಕೂತರೆ ಉಳಿದವರಿಗೆ ಎಂಗೇಜ್ ದನಿ. ಗಂಟೆಯ ಲೆಕ್ಕದ ಖಾತೆ ಇದ್ದಾಗ ಜನ ಬೇಗ ಕೆಲಸ ಮುಗಿಸಿ ಏಳುತ್ತಿದ್ದರು, ಬಾಗಿಲುಗಳೂ ಸಭ್ಯವಾಗಿ ಮುಚ್ಚಿಕೊಳ್ಳುತ್ತಿದ್ದವು. ಆಮೇಲೆ ಇನಾಮದಾರರು ಎಲ್ಲಿಯೋ ನೋಡಿಕೊಂಡು ಬಂದು 'ಅನ್‌ಲಿಮಿಟೆಡ್' ಯೋಜನೆ ತೆಗೆದರು. ಬೇಕಾದಷ್ಟು, ಬೇಕೆಂದಾಗ, ಯಾವ ಮಿತಿಯೂ ಇಲ್ಲದೆ ಎಂದು ಹಾಳೆ ಅಚ್ಚಾಯಿತು. ಜನ ಅದನ್ನು ಓದಿ ನಂಬಿದರು. ಈ ನಂಬಿದ ಜನರನ್ನು ನಯವಾಗಿ ಲೈನಿನಿಂದ ಎಬ್ಬಿಸಲು ಇನಾಮದಾರರು ನನ್ನನ್ನು ನೇಮಿಸಿಕೊಂಡರು. ಹುದ್ದೆಯ ಹೆಸರು ಗ್ರಾಹಕ ಸ್ನೇಹ ಅಧಿಕಾರಿ.

ಕೆಲಸ ಕಷ್ಟದ್ದಲ್ಲ. ಯಾರು ಲೈನು ಬಿಡದೆ ಕೂತಿದ್ದಾರೆಂದು ಯಂತ್ರ ನೋಡಿಕೊಳ್ಳುವ ಮೆಹಬೂಬ ಹೇಳುತ್ತಿದ್ದ, ನಾನು ಹೋಗುತ್ತಿದ್ದೆ. ಅಂಥವರ ಮನೆ ಹುಡುಕುವುದು ಸುಲಭ, ಬಾಗಿಲು ತೆರೆದೇ ಇರುತ್ತದೆ. ಒಳಗೆ ಕೂತು ಚಹಾ ಕುಡಿಯಬೇಕು, ಮಕ್ಕಳ ಓದು ಕೇಳಬೇಕು, ಎದ್ದು ಹೊರಡುವಾಗ ನೆನಪಾದವರಂತೆ "ಲೈನಿಗೂ ಸ್ವಲ್ಪ ದಣಿವು ಆರಿಸಿಕೊಳ್ಳೋಕೆ ಬಿಡಿ" ಎನ್ನಬೇಕು. ದಿನವಿಡೀ ಚದುರಂಗ ಆಡುವ ವಕೀಲರೊಬ್ಬರಿದ್ದರು. ನಿವೃತ್ತ ಹೆಡ್‌ಮಾಸ್ತರರೊಬ್ಬರು ಲೈನು ಹಚ್ಚಿ ಕಂಪ್ಯೂಟರಿಗೆ ಬೆನ್ನು ಮಾಡಿ ಮಲಗುತ್ತಿದ್ದರು. ಕೇಳಿದರೆ, "ಗಾಳಿ ಛಲೋ ಬರತೈತ್ರಿ" ಎಂದರು. ಅವರ ಕಿಟಕಿಗಳು ಕೆಟ್ಟಿದ್ದವು, ಬಡಗಿ ಬಂದಿರಲಿಲ್ಲ. ನಾನೇ ಬಡಗಿಯನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ ಮೇಲೆ ಒಂದು ಲೈನು ಉಳಿಯಿತು. ಮಾತಿಗೆ ಬಗ್ಗದವರಿಗಾಗಿ ಮೆಹಬೂಬ ಯಂತ್ರದಲ್ಲಿ ಒಂದು ಏರ್ಪಾಟು ಮಾಡಿದ. ಒಂದು ಪಾತ್ರೆ ಅನ್ನ ಆಗುವಷ್ಟು ಹೊತ್ತು ಯಾರೂ ಏನನ್ನೂ ಒತ್ತದಿದ್ದರೆ ಲೈನು ತಾನೇ ಕಡಿಯುತ್ತಿತ್ತು. ಮಲಗುವವರೆಲ್ಲ ಇದರಿಂದ ಸೋತರು. ಒಂದು ಖಾತೆ ಸೋಲಲಿಲ್ಲ.

"ಬಣಗಾರ ಓಣೀದ್ರಿ ಇದು" ಎಂದ ಮೆಹಬೂಬ. "ಬ್ಯಾಂಕಿನ ಕ್ಯಾಶಿಯರ್ ವಿರೂಪಾಕ್ಷಪ್ಪನವರ ಖಾತೆ. ಅವರು ಬ್ಯಾಂಕಿಗೆ ಹೋಗೂದರಾಗ ಲೈನ್ ಹತ್ತತೈತಿ, ಬರೂದರಾಗ ಕಡೀತೈತಿ. ನಡುವ ಏನೂ ನೋಡಂಗಿಲ್ಲ. ಅನ್ನ ಆಗೂ ಹೊತ್ತಿಗೆ ಒಮ್ಮೆ ಒಂದs ಪುಟಾ ತಗೀತಾರ."

"ಯಾವ ಪುಟ?"

"ನಮ್ಮದs. ಸುಸ್ವಾಗತ ಅಂತ ಐತೆಲ್ಲ, ಕಮಲದ ಹೂವಿಂದು."

ಆ ಪುಟ ನೋಡಲು ಯಾರೂ ಬರುವುದಿಲ್ಲವೆಂದು ಅದನ್ನು ಬರೆದ ನನಗೆ ಗೊತ್ತಿತ್ತು. ಮರುದಿನವೇ ಹೋದೆ.

ಬಣಗಾರ ಓಣಿ ಅಗಲವಿಲ್ಲದ, ಎರಡು ಸಾಲು ಮನೆಗಳು ಮೊಣಕಾಲು ತಾಗುವಂತೆ ಎದುರುಬದುರು ಕೂತ ಓಣಿ. ವಿರೂಪಾಕ್ಷಪ್ಪನವರ ಬಾಗಿಲು ಪೂರ್ತಿ ತೆರೆದಿತ್ತು. ಹೊರಗಿನ ಕೊಂಡಿಗೆ ಹಿತ್ತಾಳೆಯ ದೊಡ್ಡ ಬೀಗವೊಂದು ಜೋತುಬಿದ್ದಿತ್ತು. ನಾನು ನೋಡಿದ ಉಳಿದ ಮನೆಗಳಲ್ಲೆಲ್ಲ ಒಳಗಿನ ಅಗಳಿ ಸರಿದಿರುತ್ತಿತ್ತು. ಒಳಗೆ ಜನ ಇರುವ ಮನೆಗೆ ಹೊರಗಿನಿಂದ ಬೀಗ ಕಂಡದ್ದು ಅಲ್ಲಿಯೇ. ಹೊಸ್ತಿಲ ಮೇಲೆ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಒಂದು ಕಾಲು ಓಣಿಗೆ ಚಾಚಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕಣ್ಣು ಎಲ್ಲಿಯೋ ಇತ್ತು. ಹರಳನ್ನು ಬೆರಳಿನಿಂದ ತಡವಿ ಹುಡುಕುತ್ತಿದ್ದಳು.

ಕೆಮ್ಮಿದೆ. ಇಂಟರ್ನೆಟ್ ಕಚೇರಿಯವನೆಂದೆ.

"ನಮ್ಮನಿಯವ್ರು ಬ್ಯಾಂಕಿಗೆ ಹೋಗ್ಯಾರ್ರಿ."

"ನಿಮ್ಮ ಹತ್ತಿರಾನೇ ಮಾತಿತ್ತು. ಲೈನು ಬೆಳಗಿನಿಂದ ಸಂಜೀತನಕ..."

"ಅನ್‌ಲಿಮಿಟೆಡ್ ಅಂತ ನಿಮ್ಮ ಹಾಳ್ಯಾಗs ಐತೆಲ್ರಿ."

ಇದೆ ಎಂದೆ. ಅಲ್ಲಗಳೆಯುವಂತಿರಲಿಲ್ಲ.

"ಹಂಗಾರ ತಪ್ಪೇನಾತ್ರಿ?"

"ತಪ್ಪು ಅಂತಲ್ಲ. ಲೈನಿಗೂ ಸ್ವಲ್ಪ ದಣಿವು..."

ಅವಳು ಮೊರವನ್ನು ಕೆಳಗಿಟ್ಟಳು. "ಒಂದು ಸಲ ಬಿಟ್ಟೆ ಅಂದ್ರ ಮತ್ತ ಸಿಗಂಗಿಲ್ರಿ ನಿಮ್ಮ ಲೈನು. ಟೊಂಯ್ ಟೊಂಯ್ ಅಂತೈತಿ. ಒಮ್ಮೆ ಮಧ್ಯಾಹ್ನ ಕಡದಿದ್ದು ಸಂಜೀತನಕ ನಂಬರ್ ತಿರಿವಿದೆ. ಬೆರಳು ಬಾತು ಹೋದುವು." ಹಾಗೆಂದವಳು ಸೆರಗು ಸರಿಪಡಿಸಿಕೊಂಡು ಒಳಗೆ ಹೋದಳು. ಏನನ್ನೋ ಒತ್ತಿದ ಸದ್ದು ಕೇಳಿಸಿತು. ಹೊರಗೆ ಬಂದು ಮತ್ತೆ ಅದೇ ಜಾಗದಲ್ಲಿ, ಅದೇ ಕಾಲು ಓಣಿಗೆ ಚಾಚಿ ಕೂತಳು. ಮೊರ ಎತ್ತಿಕೊಂಡಳು.

"ಏ ತಮ್ಮಾ, ಇಂಟರ್ನೆಟ್ಟಾ" ಎಂದು ಎದುರು ಮನೆಯ ಹೊಸ್ತಿಲಿನಿಂದ ದನಿ ಬಂತು. "ಚಾ ಕುಡಿಯೂದಿದ್ರ ಇಲ್ಲಿ ಬಾ. ಭಾಗವ್ವನ್ನ ಕಾಡಬ್ಯಾಡ."

ಕರೆದವಳು ಕಾಶವ್ವ. ಎಪ್ಪತ್ತು ದಾಟಿದ, ಹಲ್ಲಿಗಿಂತ ನಾಲಿಗೆ ಹೆಚ್ಚು ಉಳಿದ ಮುದುಕಿ. ಅವಳ ಮನೆಯ ಚಹಾದಲ್ಲಿ ಶುಂಠಿ ಜಾಸ್ತಿ. ನಾನು ಬೀಗದ ವಿಷಯ ಕೇಳಿದೆ. ಕಟ್ಟಳೆ ಗೊತ್ತಿದ್ದೂ ಕೇಳಿದೆ.

"ಲೈನಿನ ಬಾಗಲದಾಗ ಕಂಡದ್ದು ಆಡಬಾರದು" ಎಂದಳು ಕಾಶವ್ವ. ಎರಡು ಗುಟುಕು ಕುಡಿದಳು. "ಆದ್ರ ಮುಚ್ಚಿದ ಬಾಗಲದಾಗ ಕಂಡದ್ದು ಆಡಬ್ಯಾಡ ಅಂತ ಯಾರೂ ಹೇಳಿಲ್ಲ. ಕೇಳು. ಅಕಿ ಮದಿವ್ಯಾಗಿ ಬಂದ ಮರುದಿನದಿಂದ ಅಂವಾ ಕೀಲಿ ಹಾಕ್ಕೊಂಡs ಬ್ಯಾಂಕಿಗೆ ಹೋಗತಾನ. ಕಳ್ಳರ ಕಾಲ ಅಂತಾನ. ಬೈಯಂಗಿಲ್ಲ, ಬಡಿಯಂಗಿಲ್ಲ. ಬರೂಮುಂದ ಮಲ್ಲಿಗಿ ತರತಾನ. ಭಾಳ ಕಾಳಜಿ ಮನಷ್ಯಾ ಅಂತ ಊರೆಲ್ಲ ಅಂತೈತಿ. ಮೊದಲ ವರ್ಷ ಅಕಿ ಬಾಗಲಾ ಬಡೀತಿದ್ಲು. ಆಮ್ಯಾಲೆ ಬಡೀಲಿಲ್ಲ."

"ಓಣಿಯವರು ಏನೂ ಹೇಳಲಿಲ್ಲವೇ?"

"ಹೇಳಿದಿವಿ. ನನ್ನ ಮನಿ, ನನ್ನ ಕೀಲಿ ಅಂದ." ಬಟ್ಟಲು ಕೆಳಗಿಟ್ಟಳು. "ಒಂದು ಸಲ ಸ್ಟೋವ್ ಭಗ್ಗ ಅಂತು. ಅಕಿ ಒಳಗ ಚೀರ್ತಾಳ, ನಾವು ಹೊರಗ ಕೊಡಪಾನ ಹಿಡಕೊಂಡು ನಿಂತೀವಿ. ಕಿಡಕಿ ಸರಳಿನಾಗಿಂದ ನೀರು ಉಗ್ಗಿದಿವಿ ತಮ್ಮಾ, ಹೋಳಿ ಆಡಿಧಂಗ. ಮೊಣಕೈತನಕ ಸುಟ್ಟಿತ್ತು. ಅಂವಾ ಬಂದು ಕೀಲಿ ತಗದು, ಸ್ಟೋವ್ ಬದಲ್ ಮಾಡಿದ."

ಮುಂದಿನದನ್ನು ನಾನೇ ಕೂಡಿಸಿಕೊಳ್ಳಬಲ್ಲವನಾಗಿದ್ದೆ. ದೀಪಾವಳಿಗೆ ಸಹಕಾರಿ ಬ್ಯಾಂಕು ತನ್ನ ಹಳೆಯ ಕಂಪ್ಯೂಟರುಗಳನ್ನು ನೌಕರರಿಗೆ ಹಂಚಿ, ಜೊತೆಗೆ ನಮ್ಮದೊಂದು ವರ್ಷದ ಅನ್‌ಲಿಮಿಟೆಡ್ ಖಾತೆಯನ್ನೂ ಕೊಟ್ಟಿತ್ತು. ವಿರೂಪಾಕ್ಷಪ್ಪ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಕಸೂತಿಯ ಬಟ್ಟೆ ಹೊದಿಸಿ, ಮತ್ತೆ ಮುಟ್ಟಿರಲಿಲ್ಲ. ತಂತಿ ಜೋಡಿಸಲು ಹೋದ ಮೆಹಬೂಬ ಎಲ್ಲಿ ಒತ್ತಬೇಕೆಂದು ತೋರಿಸಿದ್ದು ಭಾಗವ್ವನಿಗೆ. ಅವಳು ಮೊದಲ ಸಲ ಒತ್ತಿದ ದಿನ ಬೀಗ ಠಣ್ಣೆಂದು ಕಳಚಿದ ಸದ್ದಿಗೆ ಓಣಿಯೇ ಎದ್ದು ನಿಂತಿತ್ತಂತೆ. ಆಮೇಲೆ ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಊರಿನ ಕಟ್ಟಳೆ ಅವಳನ್ನು ಕಾಯುತ್ತಿತ್ತು. ಲೈನಿನ ಬಾಗಿಲ ಮಾತನ್ನು ಗಂಡನ ಕಿವಿಗೆ ಹಾಕುವವರು ಅಲ್ಲಿ ಯಾರೂ ಇರಲಿಲ್ಲ.

ಅವಳು ಎಲ್ಲಿಗೂ ಹೆಚ್ಚು ದೂರ ಹೋಗುತ್ತಿರಲಿಲ್ಲ. ಅನ್ನ ಆಗುವ ಹೊತ್ತಿನೊಳಗೆ ಮರಳಿ ಬಂದು ಸುಸ್ವಾಗತ ಒತ್ತಬೇಕು. ತಪ್ಪಿದರೆ ಬೀಗ ಬಿದ್ದ ಬಾಗಿಲಿನ ಹೊರಗೆ ಅವಳು ನಿಂತಿರುವಾಗ ಗಂಡ ಬರುತ್ತಾನೆ. ಬಾವಿಯ ಕಟ್ಟೆ, ಕಾಯಿಪಲ್ಲೆಯವನ ಮೂಲೆ, ಗಿರಣಿ, ಅಷ್ಟೇ ಅವಳ ಊರು. ನಮ್ಮ ಮೂವತ್ತು ಲೈನುಗಳಲ್ಲಿ ಒಂದು ಹಗಲಿಡೀ ಈ ಕೆಲಸಕ್ಕೆ ಹೋಗುತ್ತಿತ್ತು.

ಇನಾಮದಾರರಿಗೆ "ಮಾತಾಡಿ ಬಂದೆ" ಎಂದು ಹೇಳಿದೆ, ಅದು ನಿಜವೂ ಆಗಿತ್ತು. ಮೆಹಬೂಬ ಆ ಹೆಸರನ್ನು ಮತ್ತೆ ಎತ್ತಲಿಲ್ಲ. ಆದರೆ ಲೈನು ಸಿಗದವರ ಬಾಯಿ ಮುಚ್ಚುವುದು ನನ್ನ ಪಾಲಿಗೆ ಬಂತು. ದವಾಖಾನೆಯ ಹೆಣ್ಣು ಡಾಕ್ಟರು, ಊರೆಲ್ಲ ಡಾಕ್ಟರ್ ಬಾಯಿ ಎಂದು ಕರೆಯುತ್ತಿದ್ದವರು, ಕ್ಷ-ಕಿರಣದ ಚಿತ್ರಗಳನ್ನು ಜಿಲ್ಲೆಯ ದೊಡ್ಡ ಡಾಕ್ಟರಿಗೆ ಕಳಿಸಿ ಸಲಹೆ ಕೇಳಬೇಕಾಗಿತ್ತು. ಒಂದು ದಿನ ಕಾಲು ಮುರಿದ ಹಮಾಲನೊಬ್ಬನ ಚಿತ್ರ ಹಿಡಿದುಕೊಂಡೇ ನಮ್ಮ ಕಚೇರಿಗೆ ಬಂದರು. "ಯಾವ ಪುಣ್ಯಾತ್ಮ ಹಿಡಕೊಂಡು ಕೂತಾನ್ರಿ ನಿಮ್ಮ ಲೈನು? ಹೆಸರ ಹೇಳ್ರಿ, ಅವನ ಕಾಲೂ ನೋಡತೇನಿ." ಕಚೇರಿಯ ಲೈನಿನಲ್ಲೇ ಕಳಿಸಿಕೊಟ್ಟೆ. ಹಮಾಲ ಹೊರಗೆ ಕೈಗಾಡಿಯಲ್ಲಿ ಮಲಗಿ ನರಳುತ್ತಿದ್ದ. ನಮ್ಮ ಬಾಗಿಲು ಊರಿಗೆ ಇಂಟರ್ನೆಟ್ ಬಂದಂದಿನಿಂದ ಮುಚ್ಚಿದ್ದೇ ಇಲ್ಲವಾದ್ದರಿಂದ ಆ ನರಳಾಟ ನನ್ನ ಮೇಜಿನವರೆಗೂ ಬರುತ್ತಿತ್ತು.

ಬೇಸಿಗೆಯಲ್ಲಿ ಬ್ಯಾಂಕಿನವರು ಕ್ಯಾಶಿಯರ ಮೇಜಿಗೆ ಫೋನು ಕೊಟ್ಟರು. ಸಣ್ಣ ಸಂಗತಿ. ಆದರೆ ಇಂಟರ್ನೆಟ್ ಹಚ್ಚಿದ ಮನೆಗೆ ಫೋನು ಹೋಗುವುದಿಲ್ಲ. ವಿರೂಪಾಕ್ಷಪ್ಪ ಒಂದು ವಾರ ಮನೆಗೆ ಫೋನು ಮಾಡಿ ಒಂದು ವಾರವೂ ಎಂಗೇಜ್ ಕೇಳಿಸಿಕೊಂಡು, ಟೆಲಿಫೋನ್ ಕಚೇರಿಗೆ ಹೋಗಿ, ಅಲ್ಲಿಂದ ನಮ್ಮಲ್ಲಿಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಸೊಂಟದಲ್ಲಿ ಬೀಗದ ಕೈಗಳ ಉಕ್ಕಿನ ಬಳೆ. ಬ್ಯಾಂಕಿನ ತಿಜೋರಿಯದೂ ಮನೆಯದೂ ಒಂದೇ ಬಳೆಯಲ್ಲಿದ್ದವು.

"ಸಾಹೇಬ್ರ, ಒಂದು ತೊಂದರಿ ಕೊಡಾಕ ಬಂದೇನಿ" ಎಂದರು ಬಹಳ ಮರ್ಯಾದೆಯಿಂದ. "ಮನಿಯಾಗ ಯಾರೂ ಇಂಟರ್ನೆಟ್ ಹಚ್ಚಂಗಿಲ್ಲ. ನಮ್ಮಾಕಿಗೆ ಅದೆಲ್ಲಾ ಗೊತ್ತಿಲ್ಲ, ಕಣ್ಣೂ ಅಷ್ಟಕ್ಕಷ್ಟ. ಆದ್ರೂ ಫೋನ್ ಎಂಗೇಜ್ ಬರತೈತಿ. ಖಾತೆ ಬಂದ್ ಮಾಡಿಬಿಡ್ರಿ."

"ಕಣ್ಣಿಗೆ ಕನ್ನಡಕ ಕೊಡಿಸಬಹುದಿತ್ತಲ್ಲ" ಎಂದೆ, ಹೊತ್ತು ಕಳೆಯಲು.

"ಮನಿಯಾಗ ಇರಾಕಿಗೆ ಯಾಕ್ರಿ? ಏನ್ ನೋಡೂದೈತಿ?" ನಿಜವಾಗಿ ಉತ್ತರ ಬೇಕಾದವರಂತೆ ನನ್ನ ಮುಖ ನೋಡಿದರು. ಆಮೇಲೆ ದನಿ ಇಳಿಸಿ, "ನೀವು ಓಣಿಗಳೆಲ್ಲ ಅಡ್ಡಾಡತೀರಿ. ಹಗಲಿ ನಮ್ಮನಿ ಬಾಗಲಾ ತಗದದ್ದು ಕಂಡೀರೇನು?" ಎಂದರು.

ಮೆಹಬೂಬ ತಲೆ ಎತ್ತಿ ನೋಡಿದ. ಆ ಊರಿನಲ್ಲಿ ಹಾಗೆ ಕೇಳಬಾರದು. ಕೇಳಿದವರಿಗೂ ಅದು ಹೊಳೆಯಿತು, ಕಿವಿ ಕೆಂಪಾಯಿತು. ನಾನು ಅವರ ಚಪ್ಪಲಿಯನ್ನು ನೋಡಿದೆ.

ಆಮೇಲೆ ನನ್ನ ವೃತ್ತಿಯ ವಿದ್ಯೆಯನ್ನೆಲ್ಲ ತೆಗೆದೆ. ಗ್ರಾಹಕನನ್ನು ಲೈನಿನಿಂದ ಎಬ್ಬಿಸುವ ವಿದ್ಯೆ ಒಂದಾದರೆ, ಬಿಟ್ಟು ಹೋಗದಂತೆ ಹಿಡಿಯುವುದು ಅದರ ಅವಳಿ. ಅರ್ಜಿ ಬರೆದುಕೊಡಬೇಕೆಂದೆ. ಖಾತೆ ಬ್ಯಾಂಕಿನ ಉಡುಗೊರೆಯಾದ್ದರಿಂದ ಬ್ಯಾಂಕಿನ ಅಧ್ಯಕ್ಷರ ಸಹಿ ಬೇಕಾಗಬಹುದೆಂದೆ. ಅಧ್ಯಕ್ಷರು ತೀರ್ಥಯಾತ್ರೆಯಲ್ಲಿದ್ದಾರೆಂದು ನನಗೆ ಗೊತ್ತಿತ್ತು. ವಿರೂಪಾಕ್ಷಪ್ಪ ನಿಯಮಕ್ಕೆ ತಲೆಬಾಗುವ ಮನುಷ್ಯ. ಹೂಂ ಎನ್ನುವುದರಲ್ಲಿದ್ದರು. ಅಷ್ಟರಲ್ಲಿ ಒಳಗಿನಿಂದ ಇನಾಮದಾರರು ಬಂದರು.

"ತಾವಾಗೇ ಲೈನು ಬಿಡತೇನಿ ಅಂತ ಬಂದಾರ, ನೀವು ಅರ್ಜಿ ಕೇಳತೀರಲ್ರಿ!" ಎಂದು ನನ್ನನ್ನು ಗದರಿಸಿ, ಅವರ ಕೈಹಿಡಿದು ಕುಲುಕಿದರು. "ಇಂಥಾವ್ರು ಹತ್ತು ಮಂದಿ ಇದ್ರ ಊರು ಉದ್ಧಾರ ಆದೀತು. ಮೆಹಬೂಬ, ಈಗಿಂದೀಗ ಕಡಿ."

"ಕಡೀರಿ" ಎಂದರು ವಿರೂಪಾಕ್ಷಪ್ಪ. "ನಾನೂ ಈಗs ಮನಿಗೆ ಹೋಗಿ ಒಂದು ಸಲ ನೋಡಿ ಬರತೇನಿ."

ಕತ್ತರಿಯೊಳಗೆ ಬೆರಳು ಸಿಕ್ಕಂತಾಯಿತು. ಕಡಿಯದಿದ್ದರೆ ಅವರು ಹೋಗಿ ತೆರೆದ ಬಾಗಿಲು ನೋಡುತ್ತಾರೆ. ಕಡಿದಾಗ ಭಾಗವ್ವ ಒಳಗಿದ್ದರೆ ಬೀಗ ಬೆಳಿಗ್ಗೆ ಹಾಕಿದಂತೆಯೇ ಬಿದ್ದಿರುತ್ತದೆ, ಇವತ್ತಿನ ಮಟ್ಟಿಗೆ ಅವಳು ಉಳಿಯುತ್ತಾಳೆ, ನಾಳೆಯಿಂದ ಬಾಗಿಲಿಲ್ಲ. ಬಾವಿಕಟ್ಟೆಯಲ್ಲಿದ್ದಾಗ ಕಡಿದರೆ ಇವತ್ತೂ ಇಲ್ಲ. ನಾನು ಮೆಹಬೂಬನ ಕಡೆ ನೋಡಿದೆ. ಅವನು ಯಂತ್ರದ ಕಡೆ ನೋಡಿ, ಯಾರಿಗೂ ಹೇಳದವನಂತೆ ಹೇಳಿದ. "ಸುಸ್ವಾಗತ ಪುಟಾ ಈಗs ಯಾರೋ ತಗದ್ರು ನೋಡ್ರಿ."

ಅಂದರೆ ಒಳಗಿದ್ದಾಳೆ. ನಾನು ತಲೆಯಾಡಿಸಿದೆ. ಮೆಹಬೂಬ ಕಡಿದ.

ನಾನೂ ಅವರ ಜೊತೆ ಹೋದೆ. ಮೋಡೆಮ್ಮನ್ನು ಕಚೇರಿಗೆ ವಾಪಸು ತರಬೇಕಾಗುತ್ತದೆ ಎಂಬ ನೆಪ ಇತ್ತು. ದಾರಿಯುದ್ದಕ್ಕೂ ವಿರೂಪಾಕ್ಷಪ್ಪ ಕಳ್ಳರ ಕಾಲದ ಬಗ್ಗೆ ಮಾತಾಡಿದರು, ಅಂಗಡಿಯಲ್ಲಿ ನಿಂತು ಮಲ್ಲಿಗೆ ಕೊಂಡರು. ಬಣಗಾರ ಓಣಿಗೆ ಕಾಲಿಟ್ಟಾಗ ಹೊಸ್ತಿಲುಗಳ ಮೇಲೆ ಕೂತಿದ್ದ ಹೆಂಗಸರೆಲ್ಲ ಒಟ್ಟಿಗೆ ತಲೆ ತಗ್ಗಿಸಿದರು. ಮನೆಯ ಬಾಗಿಲು ಮುಚ್ಚಿತ್ತು. ಹಿತ್ತಾಳೆಯ ಬೀಗ ತನ್ನ ಜಾಗದಲ್ಲಿತ್ತು. ವಿರೂಪಾಕ್ಷಪ್ಪ ಅದನ್ನು ಜಗ್ಗಿ ನೋಡಿ ನನ್ನ ಕಡೆ ತಿರುಗಿ ನಕ್ಕರು. ಎಂಗೇಜಿನ ವಾರವೆಲ್ಲ ಆ ಮುಖದಿಂದ ಇಳಿದುಹೋಯಿತು. ಸೊಂಟದ ಬಳೆಯಿಂದ ಕೀಲಿಕೈ ಹುಡುಕಿ ಬೀಗ ತೆಗೆದು ಬಾಗಿಲು ದೂಡಿದರು.

ಕಂಪ್ಯೂಟರಿನ ಮುಂದೆ ಕಾಶವ್ವ ಕೂತಿದ್ದಳು.

"ತಗದ್ಯಾ ಅಂತೂ?" ಎಂದಳು. "ಲಗೂನ ಬರಬಾರದೇನಪಾ ವಿರೂಪಾಕ್ಷಿ? ಒಲಿ ಮ್ಯಾಲೆ ಬ್ಯಾಳಿ ಇಟ್ಟು ಬಂದೇನಿ. ಎಲ್ಲಾ ಸೀದು ಹೋಗಿರತೈತಿ." ಮೊಣಕಾಲು ಹಿಡಿದುಕೊಂಡು ಎದ್ದು, ನಮ್ಮಿಬ್ಬರ ನಡುವೆ ಹಾದು ಹೊರಗೆ ಬಂದು, ಹೊಸ್ತಿಲ ಮೇಲೆ ನಿಂತು ಉಸಿರು ಎಳೆದುಕೊಂಡಳು. ನಗಲಿಲ್ಲ. "ಇಷ್ಟs ಹೊತ್ತಿಗೆ ನನಗ ಎದಿ ಒತ್ತಿ ಬಂತು. ಅಕಿ ಇಪ್ಪತ್ತು ವರ್ಷ ಹೆಂಗ ಕುಂತ್ಲೋ."

"ನಮ್ಮಾಕಿ ಎಲ್ಲಿ?" ಎಂದರು ವಿರೂಪಾಕ್ಷಪ್ಪ. ಮಲ್ಲಿಗೆಯ ಪೊಟ್ಟಣ ಕೈಯಲ್ಲೇ ಇತ್ತು.

ಯಾರೂ ಹೇಳಬೇಕಾಗಲಿಲ್ಲ. ಓಣಿಯ ತುದಿಯಲ್ಲಿ ಭಾಗವ್ವ ಬರುತ್ತಿದ್ದಳು. ಅಲ್ಲಿಂದ ಅವಳ ಮನೆಯ ಬಾಗಿಲವರೆಗೆ ಎಷ್ಟು ದೂರವಿತ್ತೆಂದರೆ, ಬೇರೆ ದಿನವಾಗಿದ್ದರೆ ನಿಂತಿರುವುದು ಗಂಡನೋ ಗೋಡೆಯೋ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ಅವತ್ತು ತಿಳಿಯಿತು. ಅವಳ ಕಣ್ಣಿಗೆ ಕಪ್ಪು ಕಟ್ಟಿನ ಹೊಸ ಕನ್ನಡಕವಿತ್ತು. ಪೇಟೆಯ ಆಚೆ ದವಾಖಾನೆಗೆ ಹೋಗಿ ಬರಲು ಅನ್ನ ಆಗುವ ಹೊತ್ತು ಸಾಲದೆಂದು ಓಣಿಯ ಹೆಂಗಸರು ಸರದಿಯ ಮೇಲೆ ಸುಸ್ವಾಗತ ಒತ್ತಲು ಕಲಿತಿದ್ದರು. ದೂರದಲ್ಲೇ ಒಂದು ಗಳಿಗೆ ನಿಂತಳು. ಹಿಂದಕ್ಕೆ ತಿರುಗಬಹುದಿತ್ತು. ತಿರುಗದೆ, ಹೆಜ್ಜೆ ಜೋರು ಮಾಡದೆ, ಎರಡೂ ಸಾಲಿನ ಮನೆಗಳನ್ನು ಒಂದೊಂದಾಗಿ ನೋಡಿಕೊಳ್ಳುತ್ತ ಬಂದಳು.

"ಒಳಗ ಬಾ" ಎಂದರು ವಿರೂಪಾಕ್ಷಪ್ಪ ಮೆಲ್ಲಗೆ. "ಮಂದಿ ನೋಡಾಕತ್ಯಾರ."

"ನೋಡ್ಲಿ ಬಿಡ್ರಿ. ನನಗೂ ಈಗ ಕಾಣತಾರ."

"ಒಳಗ ಬಾ ಅಂದೆ."

"ಚಾವಿ ಕೊಡ್ರಿ" ಎಂದಳು ಭಾಗವ್ವ. "ಕೊಟ್ರ ಬರತೇನಿ."

ವಿರೂಪಾಕ್ಷಪ್ಪನವರ ಕೈ ಸೊಂಟದ ಬಳೆಯ ಮೇಲೆ ಹೋಯಿತು, ಅಲ್ಲಿಯೇ ನಿಂತಿತು. ಅವರು ಕೊಡಲಿಲ್ಲ. ಅವಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಿರುಗಿ ಕಾಶವ್ವನ ಮನೆಯ ಹೊಸ್ತಿಲ ಮೇಲೆ ಹೋಗಿ ಕೂತಳು, ತನ್ನ ಬಾಗಿಲಿಗೆ ಎದುರಾಗಿ.

ಆಮೇಲಿನದು ನನಗೆ ಮೊದಲು ಕಚೇರಿಯಿಂದಲೇ ಕಂಡಿತು. ಮರುದಿನ ಬೆಳಿಗ್ಗೆ ಮೆಹಬೂಬ ಬೆವರು ಒರೆಸಿಕೊಳ್ಳುತ್ತ ಬಂದ. ಬಣಗಾರ ಓಣಿಯಲ್ಲಿ ನಮ್ಮ ಖಾತೆ ಇದ್ದ ಪ್ರತಿ ಮನೆಯೂ ನಸುಕಿನಲ್ಲೇ ಲೈನು ಹಚ್ಚಿ ಕೂತಿತ್ತು. ಎಲ್ಲರೂ ಒಂದೇ ಪುಟ ತೆಗೆದಿದ್ದರು. ನನ್ನ ಕಮಲದ ಹೂವಿಗೆ ಅಷ್ಟು ಜನ ಎಂದೂ ಬಂದಿರಲಿಲ್ಲ. ಓಣಿಗೆ ಹೋಗಿ ನೋಡಿದರೆ ಎರಡೂ ಸಾಲಿನ ಬಾಗಿಲುಗಳು ಹಾರು ಹೊಡೆದಿದ್ದವು. ಭಾಗವ್ವ ಯಾವ ಮನೆಗೆ ಬೇಕಾದರೂ ಹೋಗಿ ಊಟ ಮಾಡುತ್ತಿದ್ದಳು, ಅಕ್ಕಿ ಆರಿಸಿಕೊಡುತ್ತಿದ್ದಳು, ಈಗ ಕಣ್ಣಿನಿಂದ. ಮುಚ್ಚಿದ್ದು ಒಂದೇ ಬಾಗಿಲು. ಓಣಿಯಲ್ಲಿ ಹಾದುಹೋಗುವವರಿಗೆ ಮುಖ ತಿರುಗಿಸಲು ಬೇರೆ ಕಡೆಯಿಲ್ಲದೆ ಎಲ್ಲರೂ ಆ ಮುಚ್ಚಿದ ಬಾಗಿಲನ್ನೇ ನೋಡಿಕೊಂಡು ಹೋಗುತ್ತಿದ್ದರು. ಅದನ್ನು ನೋಡಬಹುದಿತ್ತು, ಆಡಲೂಬಹುದಿತ್ತು. ಬ್ಯಾಂಕಿನವರೆಗೂ ಆಡಿದರು.

ಲೈನು ಬಿಡಿಸಿ ಬನ್ನಿ ಎಂದು ಇನಾಮದಾರರು ನನ್ನನ್ನು ಓಣಿಗೆ ಓಡಿಸಿದರು. ನಾನು ಮನೆಮನೆಗೆ ಹೋಗಿ ಶುಂಠಿ ಚಹಾ ಕುಡಿದು, ಲೈನಿಗೂ ದಣಿವು ಆರಿಸಿಕೊಳ್ಳಲು ಬಿಡಿ ಎಂದೆ. "ಆಗಲಿ ಬಿಡ್ರಿ, ಪಾಪ" ಎಂದರು, ಮತ್ತೊಮ್ಮೆ ಒತ್ತಿದರು. ನನಗೆ ಅಷ್ಟು ಸಮಾಧಾನ ಕೊಟ್ಟ ಸೋಲು ಇನ್ನೊಂದಿಲ್ಲ. ಆದರೆ ಡಾಕ್ಟರ್ ಬಾಯಿಯ ಹತ್ತಿರ ಹೋಗಿ ವಿಷಯ ಹೇಳಲೇಬೇಕಾಯಿತು. ಅವರು ಪೂರ್ತಿ ಕೇಳಿಸಿಕೊಂಡರು. "ಕಪ್ಪು ಕಟ್ಟಿನ ಕನ್ನಡಕ ತಗೊಂಡಾಕಿ ಏನು?" ಎಂದರು. "ಸುಟ್ಟ ಗಾಯದ ಕಲೆ ಐತಿ ಮೊಣಕೈಗೆ. ಇರಲಿ. ಇದು ಮುಗಿಯೂತನಕ ಪೇಷಂಟ್ ಕೈಯಾಗs ಚಿತ್ರ ಕೊಟ್ಟು ಬಸ್ಸು ಹತ್ತಸತೇನಿ."

ವಿರೂಪಾಕ್ಷಪ್ಪ ಮತ್ತೆ ಕಚೇರಿಗೆ ಬಂದಾಗ ಅಂಗಿಗೆ ಇಸ್ತ್ರಿ ಇರಲಿಲ್ಲ. ಖಾತೆ ತಿರುಗಿ ಬೇಕೆಂದರು. "ಇನ್ನ ನಾನs ಲೈನ್ ಹಚ್ಚಿ ಬ್ಯಾಂಕಿಗೆ ಹೋಗತೇನಿ. ಬಾಗಲಾ ತಗದs ಇರಲಿ. ಅಷ್ಟು ಸಾಕಲ್ರಿ?" ಕೊಟ್ಟೆ. ಅವರು ಮನೆಗೆ ಹೋಗಿ ನಂಬರು ತಿರುವಿದರು. ನಮ್ಮ ಲೈನುಗಳೆಲ್ಲ ಅವರ ಓಣಿಯ ಕೈಯಲ್ಲೇ ಇದ್ದವು. ಮುಚ್ಚಿದ ಬಾಗಿಲಿನ ಒಳಗಿನಿಂದ ಟೊಂಯ್ ಟೊಂಯ್ ಎಂಬ ದನಿ ಓಣಿಗೆಲ್ಲ ಕೇಳುತ್ತಿತ್ತು. ನಾನು ಕಾಶವ್ವನ ಕಟ್ಟೆಯ ಮೇಲೆ ಕೂತಿದ್ದೆ. ಎದುರು ಬಾಗಿಲು ಒಳಗಿನಿಂದ ತೆರೆಯಿತು, ಕೈಯಿಂದಲೇ. ವಿರೂಪಾಕ್ಷಪ್ಪ ಹೊರಗೆ ಬಂದರು. ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದರು.

"ಹತ್ತಂಗಿಲ್ಲ" ಎಂದರು ಭಾಗವ್ವನಿಗೆ.

"ನನಗೂ ಹತ್ತತಿರಲಿಲ್ರಿ."

"ಹತ್ತಿದ ಮ್ಯಾಲೆ ಬರತೀಯೇನು?"

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. "ಲೈನು ಕಡೀತೈತ್ರಿ. ಯಾರರ ಎಲ್ಲೋ ಕುಂತು ಕಡೀತಾರ." ನನ್ನ ಕಡೆ ನೋಡಲಿಲ್ಲ, ಆದರೂ ನನಗೆ ತಾಗಿತು. "ನನಗ ಚಾವಿ ಬೇಕು."

ಬಳೆ ಬಿಗಿಯಾಗಿತ್ತು. ತಿಜೋರಿಯ ಕೀಲಿಕೈಗಳ ನಡುವಿನಿಂದ ಮನೆಯದನ್ನು ಬಿಡಿಸಲು ವಿರೂಪಾಕ್ಷಪ್ಪ ಓಣಿಯ ನಡುವೆ ನಿಂತು ಹೆಣಗಿದರು. ಉಗುರು ಮುರಿದು ರಕ್ತ ಬಂತು. ಯಾರೂ ಸಹಾಯಕ್ಕೆ ಹೋಗಲಿಲ್ಲ. ಬಿಡಿಸಿದ ಮೇಲೆ ಅದನ್ನು ಅವಳ ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟರು. ಅವಳು ತೆಗೆದುಕೊಂಡಳು. ಒಳಗೆ ಹೋಗುವ ಆತುರವೇನೂ ತೋರಲಿಲ್ಲ. ಮೊರದಲ್ಲಿ ಉಳಿದಿದ್ದ ಅಕ್ಕಿ ಆರಿಸಿ ಮುಗಿಸಿದಳು.

ಅವರ ಮನೆಯೊಳಗೆ ಮುಂದೇನಾಯಿತೆಂದು ಹೇಳಲಾರೆ. ಮಲ್ಲಿಗೆ ನಿಂತಿತೆಂದು ಕಾಶವ್ವ ಹೇಳಿದಳು, ಮತ್ತೆ ಶುರುವಾಯಿತೆಂದೂ ಅವಳೇ ಹೇಳಿದಳು. ವಾರ ಕಳೆದು ಮೆಹಬೂಬ ಬಂದು, ಬಣಗಾರ ಓಣಿಯ ಕ್ಯಾಶಿಯರ ಖಾತೆಯಲ್ಲಿ ಒಂದು ದಿನವೂ ಲೈನು ಹತ್ತಿಲ್ಲ ಎಂದಾಗ ಕೈಯ ಕೆಲಸ ಬಿಟ್ಟು ಎದ್ದೆ. ಹೋದೆ. ನಡುಮಧ್ಯಾಹ್ನ. ಬಾಗಿಲು ಮುಚ್ಚಿತ್ತು. ಹಿತ್ತಾಳೆಯ ಬೀಗ ಹೊರಗೆ ಬಿದ್ದಿತ್ತು. ಕಾಶವ್ವನ ಹೊಸ್ತಿಲೂ ಖಾಲಿ. ನಾನು ಆ ಬೀಗದ ಮುಂದೆ ನಿಂತು, ಕದಕ್ಕೆ ಕಿವಿಯಿಟ್ಟು, ಒಳಗೆ ಸದ್ದಿದೆಯೇ ಎಂದು ಕೇಳಿದೆ.

"ಯಾರಿಲ್ರಿ ಒಳಗ" ಎಂದು ಹಿಂದಿನಿಂದ ದನಿ ಬಂತು.

ಭಾಗವ್ವ ಸಂತೆಯ ಕಡೆಯಿಂದ ಬಂದಿದ್ದಳು. ಚೀಲದಲ್ಲಿ ಬದನೆಕಾಯಿ, ಮುಖದ ಮೇಲೆ ಧೂಳು. ಅನ್ನ ಆಗುವ ಹೊತ್ತಿನಲ್ಲಿ ಹೋಗಿ ಬರಲಾಗದ ದೂರ ಅದು. ಸೊಂಟದಿಂದ ಕೀಲಿಕೈ ತೆಗೆದು ಬೀಗ ತೆರೆದಳು. ಒಳಗೆ ಹೋಗಿ, ಕಸೂತಿಯ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಮೋಡೆಮ್ಮನ್ನು ತಂದು ನನ್ನ ಕೈಯಲ್ಲಿಟ್ಟಳು.

"ತಗೊಂಡು ಹೋಗ್ರಿ ಅಣ್ಣಾರ. ಡಾಕ್ಟರ್ ಬಾಯಾರಿಗೆ ಲೈನು ಸಿಗಂಗಿಲ್ಲಂತಲ್ಲ, ಅವ್ರಿಗೆ ಕೊಡ್ರಿ. ಬಟ್ಟಿ ಮಾತ್ರ ತಿರುಗಿ ಕಳಸ್ರಿ, ಅದರ ಕಸೂತಿ ನಾ ಹಾಕಿದ್ದು."

ಆಗಲಿ ಎಂದು ಹೊರಟೆ. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಹಿಂದೆ ಬಾಗಿಲು ಮುಚ್ಚಿದ ಸದ್ದಾಯಿತು. ತಿರುಗಿ ನೋಡಿದೆ. ಹೊರಗಿನ ಕೊಂಡಿ ಖಾಲಿ ತೂಗುತ್ತಿತ್ತು. ಒಳಗೆ ಯಾರೋ ನಿಧಾನವಾಗಿ, ಹೊಸದಾಗಿ ಕಲಿತವರ ಹಾಗೆ, ಅಗಳಿ ಹಾಕಿಕೊಂಡರು. ಮತ್ತೆ ತೆಗೆದರು. ಮತ್ತೆ ಹಾಕಿಕೊಂಡರು.